ಮೂರು ರೀಡರಿನ ಮನುಷ್ಯ

ಕಳೆದ ತಿಂಗಳು ತೀರಿಕೊಂಡ ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಬದುಕಿದ್ದಾಗಲೇ ಅಂಗಡಿಗೆ ಹೆಸರಿನ ಬೋರ್ಡು ಹಾಕಿಸದ ಮನುಷ್ಯ. "ಹೆಸರು ಯಾಕಮ್ಮ ಕಂಡೋರ ಕೈಗೆ ಕೊಡ್ಬೇಕು? ಬೇಕಾದೋರು ಮುಖ ನೋಡ್ಕೊಂಡು ಬರ್ತಾರೆ" ಎನ್ನುತ್ತಿದ್ದರು. ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ, ಪಕ್ಕದ್ದು ಅವರ ರಿಪೇರಿ ಅಂಗಡಿ. ನಡುವೆ ಒಂದು ಇಟ್ಟಿಗೆ ಗೋಡೆ. ಹದಿನಾಲ್ಕು ವರ್ಷ ಆ ಗೋಡೆಯ ಆಚೆ ಈಚೆ ಕೂತು ನಾವಿಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸಿಕೊಂಡು ಬದುಕಿದೆವು. ಅವರು ಎಲ್ಲರನ್ನೂ ಅನುಮಾನಿಸುತ್ತಿದ್ದರಿಂದ ಅದರಲ್ಲಿ ನನಗೇನೂ ವಿಶೇಷ ಮರ್ಯಾದೆ ಇರಲಿಲ್ಲ. ನಾನು ಅನುಮಾನಿಸುತ್ತಿದ್ದದ್ದು ಮಾತ್ರ ಅವರೊಬ್ಬರನ್ನೇ.

ಅವರ ಕುರ್ಚಿ ಗೋಡೆಗೆ ಮುಖ ಮಾಡಿತ್ತು, ಕೆಲಸದ ಮೇಜು ಅಲ್ಲಿತ್ತಲ್ಲ. ಆದರೆ ಬೆನ್ನಿಗೆ ರಸ್ತೆ ಬಿಟ್ಟು ಕೂರುವ ಜಾತಿ ಅವರದಲ್ಲ. ಮೇಜಿನ ಮೇಲೆ ಕ್ಷೌರದಂಗಡಿಯಲ್ಲಿ ಇರುವಂಥ ಒಂದು ಕನ್ನಡಿ ನೇತುಹಾಕಿದ್ದರು. ಯಾರಾದರೂ ಬಾಗಿಲಿಗೆ ಬಂದರೆ ತಿರುಗಿ ನೋಡುತ್ತಿರಲಿಲ್ಲ, ಕನ್ನಡಿಯೊಳಗಿನ ಮುಖಕ್ಕೇ "ಏನು?" ಎಂದು ಕೇಳುತ್ತಿದ್ದರು. ಹೊಸಬರು ತಬ್ಬಿಬ್ಬಾಗುತ್ತಿದ್ದರು. ಸಂಜೆ ಶಟರ್ ಎಳೆದು ಎರಡು ಬೀಗ ಹಾಕಿ, ಎರಡನ್ನೂ ಮೂರು ಮೂರು ಸಲ ಜಗ್ಗಿ, ಬೀದಿಯ ತಿರುವಿನವರೆಗೆ ಹೋಗಿ ವಾಪಸ್ ಬಂದು ಇನ್ನೊಂದು ಸಲ ಜಗ್ಗುತ್ತಿದ್ದರು. ಆ ಕೊನೆಯ ಸದ್ದು ಕೇಳಿದ ಮೇಲೆಯೇ ನಾನು ನನ್ನ ಅಂಗಡಿ ಮುಚ್ಚುವುದು. ನನಗೆ ಗಡಿಯಾರ ಬೇಕಿರಲಿಲ್ಲ.

ಮೊದಲು ಅವರು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಏರ್‌ಪೋರ್ಟಿನ ಕೆಲಸ ಶುರುವಾದ ಮೇಲೆ ಊರಿಗೆ ಲಾರಿ ಬಂತು, ಧೂಳು ಬಂತು, ಅದರ ಹಿಂದೆ ಡಿಜಿಟಲ್ ಕ್ಯಾಮೆರಾ ಬಂತು. ಮದುವೆ ಫೋಟೋದವರು, ಜಮೀನು ತೋರಿಸುವ ಏಜೆಂಟರು, ವಿಮಾನ ನೋಡಲು ಹೋಗುವ ಹುಡುಗರು, ಎಲ್ಲರ ಜೇಬಿನಲ್ಲೂ ಅಂಚೆ ಚೀಟಿಯಷ್ಟು ಮೆಮೊರಿ ಕಾರ್ಡು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಗೆ ಕಾರ್ಡ್ ರೀಡರ್ ಅನ್ನುತ್ತಾರೆ. ಈ ಕಾರ್ಡು ಮತ್ತು ರೀಡರಿನ ನಡುವೆ ಮನಸ್ತಾಪ ಬಂದಾಗ ಕಂಪ್ಯೂಟರು ಒಂದೇ ಮಾತು ಹೇಳುತ್ತದೆ: ಇದು ರೈಟ್ ಪ್ರೊಟೆಕ್ಟೆಡ್, ಅಂದರೆ ಇದರಲ್ಲಿರುವುದನ್ನು ನೋಡಬಹುದು, ಹೊಸದಾಗಿ ಏನನ್ನೂ ಬರೆಯುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ. ಸುತ್ತಲ ಹತ್ತು ಹಳ್ಳಿಯ ಲಾಕ್ ಆದ ಕಾರ್ಡುಗಳೆಲ್ಲ ಅವರ ಮೇಜಿಗೆ ಬರುತ್ತಿದ್ದವು.

ಕಾರ್ಡು ಕೈಗೆ ಬಂದರೆ ಅವರ ಮೊದಲ ಪ್ರಶ್ನೆ, "ಯಾರ್ಯಾರು ಮುಟ್ಟಿದ್ದಾರೆ?"

ಯಾರೂ ಮುಟ್ಟಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವರು ಅದನ್ನು ಯಾವತ್ತೂ ನಂಬಲಿಲ್ಲ.

ಕಾರ್ಡಿನ ಎಡಗಡೆ ಅಂಚಿನಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ. ಕೆಳಗೆ ಜಾರಿಸಿದರೆ ಲಾಕ್, ಮೇಲೆ ತಳ್ಳಿದರೆ ಬಿಡುಗಡೆ. ಬರುವ ಕಾರ್ಡುಗಳಲ್ಲಿ ಬಹುಪಾಲು ಆ ಗುಂಡಿ ಜೇಬಿನಲ್ಲಿ ತಾನೇ ಜಾರಿದವು. ಇನ್ನೊಬ್ಬರಾಗಿದ್ದರೆ ಉಗುರಿನಲ್ಲಿ ತಳ್ಳಿ ಕೊಟ್ಟು ಕಳಿಸುತ್ತಿದ್ದರು. ಇವರು ತಳ್ಳಿದ ಮೇಲೂ ಕೊಡುತ್ತಿರಲಿಲ್ಲ. ಕಾರ್ಡಿನ ಹಳದಿ ತಗಡುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಊದಿ, ಒಂದಾದ ಮೇಲೊಂದು ಮೂರು ಬೇರೆ ಬೇರೆ ರೀಡರಿಗೆ ಹಾಕಿ ನೋಡುತ್ತಿದ್ದರು. "ಒಂದು ರೀಡರ್ ಹೇಳಿದ್ದು ಚಾಡಿ. ಎರಡು ಹೇಳಿದ್ರೆ ಸುದ್ದಿ. ಮೂರೂ ಒಂದೇ ಮಾತು ಹೇಳಿದ್ರೆ ಆಮೇಲೆ ಯೋಚನೆ ಮಾಡೋಣ" ಎನ್ನುವುದು ಅವರ ಪಾಠ. ಮನುಷ್ಯರ ವಿಷಯದಲ್ಲೂ ಹೀಗೇ ಮೂರು ಕಡೆ ವಿಚಾರಿಸುತ್ತಿದ್ದರು. ಹಾಲಿನವಳು ಊರಿಗೆ ಹೋಗಿದ್ದೆ ಎಂದರೆ, ನನ್ನನ್ನು ಕೇಳಿ, ಹೂವಿನವಳನ್ನು ಕೇಳಿ, ಆಮೇಲೆ "ಹೋಗಿದ್ದಿರಬಹುದು" ಎಂದು ಒಪ್ಪಿಕೊಳ್ಳುತ್ತಿದ್ದರು.

ಒಂದು ಸಲ ವಿಜಯಪುರದ ಕಡೆಯಿಂದ ಒಬ್ಬ ಮದುವೆ ಫೋಟೋದವನು ಕೂಗಾಡುತ್ತಾ ಬಂದ. ಅವನ ಆರೂ ಕಾರ್ಡು ಒಂದೇ ದಿನ ಲಾಕ್ ಆಗಿದ್ದವು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಅವನ ವಾದ. ಇವರು ಕಾರ್ಡುಗಳನ್ನು ಮುಟ್ಟಲೇ ಇಲ್ಲ. "ನಿನ್ನ ರೀಡರ್ ಕೊಡು" ಎಂದು ಈಸಿಕೊಂಡು, ಭೂತಗನ್ನಡಿ ಹಿಡಿದು, ಸೂಜಿಯಿಂದ ಒಳಗೆ ಕೆದಕಿ, ಅರಿಶಿನ ಹಚ್ಚಿದ ಒಂದು ಅಕ್ಕಿ ಕಾಳು ಹೊರಗೆ ತೆಗೆದರು. ಧಾರೆಯ ಹೊತ್ತಿನಲ್ಲಿ ಯಾರೋ ಎಸೆದ ಅಕ್ಷತೆ ರೀಡರಿನ ಬಾಯಿಗೆ ಬಿದ್ದು, ಗುಂಡಿಯನ್ನು ಗುರುತಿಸುವ ಕಡ್ಡಿಗೆ ಅಡ್ಡ ಕೂತಿತ್ತು. ಹಾಕಿದ ಕಾರ್ಡೆಲ್ಲ ಲಾಕ್ ಆದಂತೆ ಅದು ತೋರಿಸುತ್ತಿತ್ತು. ಫೋಟೋದವನು ನಕ್ಕುಬಿಟ್ಟ. ಇವರು ನಗಲಿಲ್ಲ. "ಯಾರು ಎಸೆದಿದ್ದು ಅಂತ ಫೋಟೋದಲ್ಲಿ ನೋಡು, ಗೊತ್ತಾಗತ್ತೆ" ಎಂದರು.

ಇಂಥ ಮನುಷ್ಯನನ್ನು ನಾನು ಯಾಕೆ ಅನುಮಾನಿಸಿದೆ ಎಂದು ಕೇಳಬಹುದು. ಕಾರಣ ಅವರ ಕೆಲಸದ ರೀತಿಯೇ. ಕಾರ್ಡು ಕೊಟ್ಟವರನ್ನು ಅಂಗಡಿಯ ಹೊರಗೆ ನಿಲ್ಲಿಸುತ್ತಿದ್ದರು. ಕಂಪ್ಯೂಟರಿನ ಪರದೆಯನ್ನು ಬೀದಿಗೆ ಕಾಣದಂತೆ ಗೋಡೆಯ ಕಡೆ ಓರೆ ಮಾಡುತ್ತಿದ್ದರು. ಆದರೆ ಅವರ ಕನ್ನಡಿ ಎರಡೂ ಕಡೆಗೆ ಕೆಲಸ ಮಾಡುತ್ತದೆಂಬುದು ಅವರಿಗೆ ಹೊಳೆದಿರಲಿಲ್ಲ. ನಮ್ಮಿಬ್ಬರ ಅಂಗಡಿಯ ಮುಂದಿನ ಜಗಲಿಯ ಒಂದು ಮೂಲೆಯಲ್ಲಿ ನಿಂತರೆ ಕನ್ನಡಿಯೊಳಗೆ ಪರದೆ ಕಾಣುತ್ತಿತ್ತು. ಅಲ್ಲಿ ನಿಂತು ಕರಿಬೇವು ಬಿಡಿಸುವ ನೆಪದಲ್ಲಿ ನಾನು ನೋಡಿದ್ದೇನೆ. ಬಂದ ಪ್ರತಿ ಕಾರ್ಡನ್ನೂ ಅವರು ಮೊದಲು ತಮ್ಮ ಕಂಪ್ಯೂಟರಿಗೆ ಪೂರ್ತಿ ಕಾಪಿ ಮಾಡಿಕೊಳ್ಳುತ್ತಿದ್ದರು. ಹಸಿರು ಪಟ್ಟಿ ಕನ್ನಡಿಯಲ್ಲಿ ಬಲದಿಂದ ಎಡಕ್ಕೆ ತುಂಬುತ್ತಾ ಹೋಗುವುದನ್ನು ನನ್ನ ಕಣ್ಣಾರೆ ಕಂಡೆ. ಊರಿನ ಎಲ್ಲರ ಮದುವೆ, ಸೀಮಂತ, ಹೆಣ್ಣುಮಕ್ಕಳ ಮುಖ, ಎಲ್ಲವೂ ಈ ಮನುಷ್ಯನ ಪೆಟ್ಟಿಗೆಯೊಳಗೆ ಸೇರುತ್ತಿದೆ ಎಂದುಕೊಂಡೆ.

ಅದೇ ಸಮಯಕ್ಕೆ ನಿಶ್ಚಿತಾರ್ಥವಾದ ಹುಡುಗಿಯೊಬ್ಬಳ ಫೋಟೋ ಊರಿನ ಹುಡುಗರ ಮೊಬೈಲಿನಲ್ಲಿ ಓಡಾಡಿತು. ಅವಳ ಮನೆಯವರ ಕಾರ್ಡು ವಾರದ ಹಿಂದೆ ಇವರ ಹತ್ತಿರ ರಿಪೇರಿಗೆ ಬಂದಿತ್ತು. ನನಗೆ ಅಷ್ಟು ಸಾಕಾಯಿತು. ಜೆರಾಕ್ಸಿಗೆ ಬಂದವರಿಗೆಲ್ಲ ದನಿ ತಗ್ಗಿಸಿ ಹೇಳಿದೆ, "ಪಕ್ಕದ ಅಂಗಡಿಗೆ ಕಾರ್ಡ್ ಕೊಡೋದಾದ್ರೆ ಸ್ವಲ್ಪ ನೋಡ್ಕೊಳಿ, ಕಾಪಿ ಇಟ್ಕೋತಾರೆ." ದನಿ ತಗ್ಗಿಸಿ ಹೇಳಿದ ಮಾತು ಎಷ್ಟು ದೂರ ಹೋಗುತ್ತದೆಂದು ಅಂಗಡಿ ಇಟ್ಟವರಿಗೆ ಗೊತ್ತು. ತಿಂಗಳೊಳಗೆ ಅವರ ಅಂಗಡಿಯ ಮುಂದೆ ನಿಲ್ಲುವವರು ಅರ್ಧ ಆದರು. ಆಮೇಲೆ ಆ ಫೋಟೋ ಹೊರಬಿದ್ದದ್ದು ಹುಡುಗಿಯ ಚಿಕ್ಕಪ್ಪನ ಮಗನ ಮೊಬೈಲಿನಿಂದ ಎಂದು ಗೊತ್ತಾಯಿತು. ಅದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಕಾಪಿ ಮಾಡಿಕೊಳ್ಳುವುದಂತೂ ನಿಜ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಅವರು ನನ್ನನ್ನು ಏನೂ ಕೇಳಲಿಲ್ಲ. ಒಂದು ಬದಲಾವಣೆ ಮಾತ್ರ ಕಂಡೆ. ರಿಪೇರಿಗೆ ಬಂದ ಕಾರ್ಡುಗಳನ್ನು ಅವರು ಕಾಗದದ ಕವರಿನಲ್ಲಿ ಹಾಕಿಡುತ್ತಿದ್ದರು, ಮೇಲೆ ಗಿರಾಕಿಯ ಹೆಸರು. ಈಗ ಹೆಸರಿನ ಬದಲು ತರಕಾರಿ ಬರೆಯತೊಡಗಿದರು. ಹೀರೇಕಾಯಿ, ಬದನೆಕಾಯಿ, ಮೂಲಂಗಿ. ಯಾವ ತರಕಾರಿ ಯಾರೆಂಬುದು ಅವರ ತಲೆಯೊಳಗೆ ಮಾತ್ರ. ಬಂದವರಿಗೆ "ನೀವು ಹೀರೇಕಾಯಿ, ನೆನಪಿಟ್ಕೊಳಿ" ಎಂದು ಗಂಭೀರವಾಗಿ ಹೇಳಿ ಕಳಿಸುತ್ತಿದ್ದರು. ನಾಲ್ಕು ದಿನ ಬಿಟ್ಟು ಬಂದ ಮೀಸೆ ಹೊತ್ತ ಗಂಡಸು ಬೀದಿಯಲ್ಲಿ ನಿಂತು "ಅಣ್ಣಾ, ನಾನು ಬೆಂಡೇಕಾಯಿ" ಎಂದು ಕೂಗುವುದನ್ನು ಕೇಳಿ ನಾನು ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿ ನಗುತ್ತಿದ್ದೆ.

ಇನ್ನು ನನ್ನಪ್ಪನ ಮನೆಯ ವಿಷಯಕ್ಕೆ ಬರಬೇಕು.

ಅಪ್ಪನದು ಕುಂದಾಣದ ಕಡೆಯ ಹಳ್ಳಿ. ಊರೊಳಗಿನ ಮನೆ ದೊಡ್ಡಪ್ಪನ ಪಾಲಿಗೆ ಹೋಗಿ, ಅಪ್ಪ ಜಮೀನಿನಲ್ಲೇ ಹೆಂಚಿನ ಮನೆ ಕಟ್ಟಿಕೊಂಡಿದ್ದರು. ನಾನು ಹುಟ್ಟಿದ್ದು ಅಲ್ಲೇ. ಏರ್‌ಪೋರ್ಟಿನ ಬೆನ್ನಿಗೆ ಬಂದ ಯಾವುದೋ ಯೋಜನೆಗೆ ಆ ಜಮೀನು ಹೋಯಿತು. ಮನೆ ಕಳೆದುಕೊಂಡವರಿಗೆ ಬದಲಿ ನಿವೇಶನ ಎಂದಿದ್ದರು. ಅಳತೆಗೆ ಬಂದ ದಿನ ನಾನು ಅಂಗಡಿಯ ಪಾಸ್‌ಪೋರ್ಟ್ ಫೋಟೋದ ಕ್ಯಾಮೆರಾ ಹಿಡಿದುಕೊಂಡು ಹೋಗಿದ್ದೆ. ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತ ಅಪ್ಪ, ಅವರ ಪಕ್ಕದಲ್ಲಿ ಟೇಪು ಹಿಡಿದ ಸರ್ವೇಯರು, ಹಿಂದೆ ತುಳಸಿಕಟ್ಟೆ. ಹನ್ನೊಂದು ಫೋಟೋ ತೆಗೆದೆ. ಹನ್ನೆರಡನೆಯದಕ್ಕೆ ಕ್ಯಾಮೆರಾ ಕಾರ್ಡ್ ಲಾಕ್ ಎಂದು ತೋರಿಸಿ ನಿಂತಿತು. ಇರಲಿ ಬಿಡು, ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡು ಕಾರ್ಡನ್ನು ತೆಗೆದು ಡಬ್ಬಿಯಲ್ಲಿಟ್ಟೆ.

ಎಂಟು ತಿಂಗಳಾದ ಮೇಲೆ ಪಟ್ಟಿ ಬಂತು. ಅಪ್ಪನ ಸರ್ವೇ ನಂಬರಿನ ಮುಂದೆ ಖಾಲಿ ಜಮೀನು ಎಂದು ಬರೆದಿತ್ತು. ಆ ಹೊತ್ತಿಗೆ ಜೆಸಿಬಿ ಬಂದು ಹೋಗಿ, ಮನೆಯಿದ್ದ ಜಾಗ ನಿಜಕ್ಕೂ ಖಾಲಿಯಾಗಿತ್ತು. ಅಳತೆ ಮಾಡಿದ ಸರ್ವೇಯರಿಗೆ ದೂರದ ಊರಿಗೆ ವರ್ಗವಾಗಿತ್ತು. ಅಪ್ಪ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದರು. "ನಲವತ್ತು ವರ್ಸ ಬಾಳಿದ್ ಮನೆ ಕಣವ್ವ, ಇರ್ನೇ ಇಲ್ಲ ಅಂತಾವ್ರೆ. ನಾನೇನು ಬಯಲಾಗೆ ನಿನ್ನ ಸಾಕಿದ್ನಾ?" ಎಂದು ನನ್ನನ್ನೇ ಕೇಳಿದರು. ನಾವು ಹಾಕಿದ ತಕರಾರು ಅರ್ಜಿಯ ವಿಚಾರಣೆಗೆ ಹನ್ನೆರಡು ದಿನ ಉಳಿದಿತ್ತು. ಮನೆಯಿತ್ತು ಎನ್ನುವುದಕ್ಕೆ ನನ್ನ ಕಾರ್ಡೊಂದೇ ಸಾಕ್ಷಿ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಫೋಟೋಗಳೆಲ್ಲ ಕಂಡವು, ಆದರೆ ತಾರೀಖು ಸರಿಯಿರಲಿಲ್ಲ. ಪ್ರತಿ ಫೋಟೋದ ಮೂಲೆಯಲ್ಲಿ ಜನವರಿ ಒಂದು ಎಂದು ನಾಲ್ಕು ವರ್ಷ ಹಿಂದಿನ ತಾರೀಖು. ಅಳತೆ ನಡೆದದ್ದು ಶ್ರಾವಣದಲ್ಲಿ. ಕ್ಯಾಮೆರಾದ ಗಡಿಯಾರ ಸರಿ ಮಾಡದೆ ಬಿಟ್ಟದ್ದು ನಾನೇ. ಈ ತಪ್ಪು ತಾರೀಖಿನ ಫೋಟೋವನ್ನು ಯಾರು ನಂಬುತ್ತಾರೆ? ಬೆಂಗಳೂರಿನ ಒಬ್ಬ ಪರಿಚಯದ ಸ್ಟುಡಿಯೋದವನು "ತಾರೀಖು ಅಳಿಸಿ ಸರಿಯಾದ್ದು ಕೂರಿಸಿ ವಾಪಸ್ ಕಾರ್ಡಿಗೇ ಹಾಕ್ಕೊಡ್ತೀನಿ, ಮೊದಲು ಲಾಕ್ ತೆಗೆಸ್ಕೊಂಡು ಬನ್ನಿ" ಎಂದ. ಅದರಲ್ಲಿ ತಪ್ಪೇನಿದೆ ಎಂದು ನನಗೆ ಅನಿಸಲೇ ಇಲ್ಲ. ತಾರೀಖು ಸುಳ್ಳು, ಮನೆ ನಿಜ. ಸುಳ್ಳನ್ನು ತಿದ್ದುವುದು ಸುಳ್ಳಾಗುತ್ತದೆಯೇ? ಹೀಗೆ ಯೋಚಿಸಿ, ಯಾರ ಹತ್ತಿರ ಕೊಡಬೇಡಿ ಎಂದು ಊರಿಗೆಲ್ಲ ಹೇಳಿದ್ದೆನೋ ಅವರ ಹತ್ತಿರವೇ ಹೋಗಿ ನಿಂತೆ.

ಕನ್ನಡಿಯೊಳಗಿನ ನನ್ನ ಮುಖವನ್ನು ಅವರು ಸ್ವಲ್ಪ ಹೊತ್ತು ನೋಡಿದರು. "ಯಾರ್ಯಾರು ಮುಟ್ಟಿದ್ದಾರೆ?"

"ನಾನೊಬ್ಬಳೇ."

"ಬೆಂಗಳೂರಿನಲ್ಲಿ?"

ಬೆಂಗಳೂರಿಗೆ ಹೋಗುತ್ತೇನೆಂದು ನಾನು ಫೋನಿನಲ್ಲಿ ಹೇಳಿದ್ದು ಗೋಡೆಯಾಚೆಗೆ ಕೇಳಿಸಿತ್ತೇನೋ. "ಒಬ್ಬ ಸ್ಟುಡಿಯೋದವನು ನೋಡ್ದ, ಅಷ್ಟೇ."

"ಅಷ್ಟೇ ಅಂದ್ರೆ ಎಷ್ಟು?"

ಎಲ್ಲ ಹೇಳಿಸಿಕೊಂಡರು. ತಾರೀಖಿನ ಸಂಗತಿಯನ್ನೂ ಬಿಡಲಿಲ್ಲ. ಆಮೇಲೆ ಗುಂಡಿ ಮೇಲೆ ಕೆಳಗೆ ಜಾರಿಸಿದರು, ರಬ್ಬರಿನಲ್ಲಿ ಉಜ್ಜಿದರು, ಮೂರು ರೀಡರಿಗೂ ಹಾಕಿದರು. ನನ್ನನ್ನು ಹೊರಗೆ ನಿಲ್ಲಿಸಿದ್ದರಿಂದ ನಾನು ನನ್ನ ಹಳೆಯ ಮೂಲೆಗೆ ಹೋಗಿ ಕನ್ನಡಿ ನೋಡಿದೆ. ಹಸಿರು ಪಟ್ಟಿ ಬಲದಿಂದ ಎಡಕ್ಕೆ ತುಂಬುತ್ತಿತ್ತು. ಅಪ್ಪನೂ ಅವರ ಪೆಟ್ಟಿಗೆಯೊಳಗೆ ಹೋದರು ಎಂದುಕೊಂಡೆ.

"ಇದು ಗುಂಡಿ ಲಾಕ್ ಅಲ್ಲ, ರೀಡರ್ ದೋಷಾನೂ ಅಲ್ಲ. ಮೂರೂ ಒಂದೇ ಮಾತು ಹೇಳ್ತಿವೆ" ಎಂದರು. "ಕಾರ್ಡಿಗೇ ಹುಷಾರಿಲ್ಲ. ಕೆಲವು ಕಾರ್ಡು ಹಾಳಾಗೋ ಮುಂಚೆ ತಾವೇ ಬಾಗಿಲು ಹಾಕ್ಕೊಂಡ್ಬಿಡ್ತವೆ, ಇರೋದಾದ್ರೂ ಉಳೀಲಿ ಅಂತ. ಇದನ್ನ ತೆಗೆಯೋಕಾಗಲ್ಲ."

"ಏನಾದ್ರೂ ಮಾಡಿ ತೆಗೀರಿ ಅಣ್ಣ."

"ಆಗಿದ್ರೂ ತೆಗೀತಿರ್ಲಿಲ್ಲ. ವಿಚಾರಣೆವರೆಗೆ ಇಲ್ಲೇ ಇರ್ಲಿ. ನೀನು ನುಗ್ಗೇಕಾಯಿ."

ಆ ಎರಡನೇ ಮಾತು ನನಗೆ ಮುಳ್ಳಾಯಿತು. ಆಗಿದ್ದರೂ ಯಾಕೆ ತೆಗೆಯುವುದಿಲ್ಲ? ನನ್ನ ಕಾರ್ಡು ಇವರ ಹತ್ತಿರ ಯಾಕಿರಬೇಕು? ಎರಡನೇ ದಿನ ಬಿಳಿ ಕಾರೊಂದು ಅವರ ಅಂಗಡಿಯ ಮುಂದೆ ನಿಂತಿತು. ಇಳಿದವನು ನಮ್ಮ ಕಡೆಯ ಹಳ್ಳಿಗಳಲ್ಲಿ ಜಮೀನಿನ ವ್ಯವಹಾರ ಮಾಡಿಸುತ್ತಿದ್ದ ಏಜೆಂಟು. ಅರ್ಧ ಗಂಟೆ ಒಳಗಿದ್ದ. ಹೋದ ಕೂಡಲೇ ನಾನು ನುಗ್ಗಿದೆ. "ಅವನು ಯಾಕೆ ಬಂದಿದ್ದ?"

"ಫೋಟೋದಲ್ಲಿ ಮನೆ ಕಟ್ಟಿಕೊಡಿ ಅಂತ ಬಂದಿದ್ದ. ನಾನು ರಿಪೇರಿಯವನಪ್ಪ, ಗಾರೆ ಕೆಲಸ ಗೊತ್ತಿಲ್ಲ ಅಂದೆ."

ಆ ಕಾಲದಲ್ಲಿ ಇದು ನಡೆಯುತ್ತಿದ್ದದ್ದು ಹೌದು. ಖಾಲಿ ಹೊಲದ ಫೋಟೋಗೆ ಬೇರೆಯವರ ಮನೆ ತಂದು ಅಂಟಿಸಿ ಪರಿಹಾರ ಕೇಳುವವರಿದ್ದರು. ಆದರೆ ಆ ದಿನ ನಾನು ಅವರ ಮಾತನ್ನು ನಂಬಲಿಲ್ಲ. ಕಾರ್ಡನ್ನು ಮಾರಿದ್ದಾರೆ, ಇಲ್ಲವೇ ಮಾರುತ್ತಾರೆ ಎಂದು ಗಟ್ಟಿಯಾಗಿ ನಂಬಿದೆ. "ನನ್ನ ಕಾರ್ಡ್ ಕೊಡಿ, ಈಗಲೇ" ಎಂದೆ. ಬೀದಿಗೆಲ್ಲ ಕೇಳುವಂತೆ ಇನ್ನೂ ಏನೇನೋ ಅಂದೆ.

ಅವರು ಕವರು ತೆಗೆದು ಮೇಜಿನ ಮೇಲಿಟ್ಟರು. ಜೊತೆಗೆ ಒಂದು ಸಿಡಿ. "ಫೋಟೋಗಳು ಸಿಡಿಯಲ್ಲೂ ಇವೆ, ಒಂದು ಕೂದಲೂ ತಿದ್ದಿಲ್ಲ. ಕಾರ್ಡನ್ನ ಮಾತ್ರ ಆ ಸ್ಟುಡಿಯೋದವನ ಕೈಗೆ ಕೊಡಬೇಡ. ಅವನು ತಿದ್ದಿದ ದಿನ ನಿಮ್ಮಪ್ಪನ ಮನೆ ಫೋಟೋನೂ ಆ ಏಜೆಂಟ್ ಕಟ್ಟಿಸೋ ಮನೆ ಸಾಲಿಗೆ ಸೇರತ್ತೆ."

"ನಿಮ್ಮ ಹತ್ರ ಇರೋ ಕಾಪಿ?"

"ಅಳಿಸ್ದೆ."

"ಯಾವಾಗ?"

"ನೀನು ನುಗ್ಗಿಕೊಂಡು ಬರೋದು ಕನ್ನಡಿಯಲ್ಲಿ ಕಂಡಾಗ." ಮುಖದಲ್ಲಿ ನಗುವಿರಲಿಲ್ಲ. ಅದನ್ನೂ ನಾನು ನಂಬಲಿಲ್ಲ.

ಸ್ಟುಡಿಯೋದವನ ಹತ್ತಿರ ಮತ್ತೆ ಹೋಗಲಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟೆ ಎಂದೇನಲ್ಲ, ಲಾಕ್ ಬಿಚ್ಚದೆ ಹೋಗಿ ಪ್ರಯೋಜನವಿರಲಿಲ್ಲ. ವಿಚಾರಣೆಯ ಬೆಳಿಗ್ಗೆ ಅಪ್ಪ ಒಗೆದ ಪಂಚೆ ಉಟ್ಟು ಹಳ್ಳಿಯಿಂದ ಬಸ್ಸಿನಲ್ಲಿ ಬಂದರು. ನನ್ನ ಅಂಗಡಿಯ ಜಗಲಿಯ ಮೇಲೆ ಕೂತು, ಪಕ್ಕದ ಅಂಗಡಿಯವರ ಹತ್ತಿರ ಏನು ಮಾತಾಡಿದರೋ ಗೊತ್ತಿಲ್ಲ. ನಾವು ಹೊರಟಾಗ ಅವರೂ ಶಟರ್ ಎಳೆದು, ಬೀಗ ಜಗ್ಗಿ, ಸ್ಟೀಲಿನ ಟಿಫನ್ ಡಬ್ಬಿ ಹಿಡಿದು ಹಿಂದೆ ಬಂದರು. ಕೆಲಸದ ದಿನ ಅವರ ಅಂಗಡಿ ಮುಚ್ಚಿದ್ದನ್ನು ನಾನು ಅವತ್ತೇ ನೋಡಿದ್ದು. ಯಾಕೆ ಬರುತ್ತಿದ್ದಾರೆ ಎಂದು ದಾರಿಯುದ್ದಕ್ಕೂ ಅನುಮಾನಪಟ್ಟೆ.

ಭೂಸ್ವಾಧೀನ ಕಚೇರಿಯ ಅಧಿಕಾರಿ ಒಳ್ಳೆಯವರೇ, ಆದರೆ ಸುಸ್ತಾಗಿದ್ದರು. ಮೇಜಿನ ಮೇಲೆ ಮನೆಗಳ ಫೋಟೋದ ರಾಶಿ. ನಾನು ಕೊಟ್ಟ ಪ್ರಿಂಟನ್ನು ನೋಡಿ ಪಕ್ಕಕ್ಕಿಟ್ಟರು. "ಅಮ್ಮ, ದಿನಾ ನೋಡ್ತಿದ್ದೀನಿ. ಎಲ್ಲ ಕಂಪ್ಯೂಟರಲ್ಲಿ ಕಟ್ಟಿರೋ ಮನೆಗಳು. ನಿಮ್ಮದರಲ್ಲಿ ತಾರೀಖೂ ಸರಿಯಿಲ್ಲ."

ಆಗ ಹಿಂದೆ ನಿಂತಿದ್ದ ಇವರು ಟಿಫನ್ ಡಬ್ಬಿ ತೆಗೆದರು. ಒಳಗೆ ಮೂರು ರೀಡರ್. "ಸಾರ್, ಕಾರ್ಡ್ ಇವರ ಹತ್ರ ಇದೆ. ನೀವೇ ಹಾಕಿ ನೋಡಿ. ಮೂರರಲ್ಲಿ ಯಾವುದು ಬೇಕೋ ಆರಿಸ್ಕೊಳಿ."

"ನಿಮ್ಮ ರೀಡರ್ ಯಾಕೆ? ನಮ್ಮ ಹತ್ರನೇ ಇದೆ" ಎಂದರು ಅಧಿಕಾರಿ.

ಇವರ ಮುಖ ಅರಳಿತು. ತಮ್ಮಷ್ಟೇ ಅನುಮಾನವಿರುವ ಮನುಷ್ಯ ಜೀವನದಲ್ಲಿ ಮೊದಲ ಸಲ ಸಿಕ್ಕಿದ್ದರೆಂದು ಕಾಣುತ್ತದೆ. "ಅದೇ ಸರಿ ಸಾರ್. ನನ್ನನ್ನ ನಂಬಲೇಬೇಡಿ" ಎಂದು ಡಬ್ಬಿ ಮುಚ್ಚಿದರು.

ಫೋಟೋ ಪರದೆಯ ಮೇಲೆ ಬಂತು. ಚೌಕಟ್ಟಿಗೆ ಕೈಯಿಟ್ಟ ಅಪ್ಪ, ಪಕ್ಕದಲ್ಲಿ ಟೇಪಿನ ಸರ್ವೇಯರು.

"ಈಗ ಈ ಫೋಟೋನ ಅಳಿಸಿ ಸಾರ್" ಎಂದರು ಇವರು.

ನಾನು ಎದ್ದು ನಿಂತೆ. "ಬೇಡ!" ಎಂದೆ. ಇದಕ್ಕೇ ಬಂದಿದ್ದಾನೆ ಈ ಮನುಷ್ಯ, ನಮ್ಮೆದುರಿಗೇ ಇದ್ದೊಂದು ಸಾಕ್ಷಿ ಹಾಳುಮಾಡಿಸುತ್ತಾನೆ ಎಂದು ಮೇಜಿನ ಕಡೆಗೆ ನುಗ್ಗಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. "ಸುಮ್ಕಿರವ್ವ. ನಂಗೆ ಹೇಳವ್ರೆ."

ಅಧಿಕಾರಿ ಒತ್ತಿದರು. ಅಳಿಸಲಾಗದು, ರೈಟ್ ಪ್ರೊಟೆಕ್ಟೆಡ್ ಎಂದಿತು ಕಂಪ್ಯೂಟರು. ಕಾರ್ಡು ತೆಗೆದು ಗುಂಡಿಯನ್ನು ತಾವೇ ಮೇಲೆ ತಳ್ಳಿ ಮತ್ತೆ ಹಾಕಿದರು. ಅದೇ ಉತ್ತರ. ಫೋಟೋದ ಹೆಸರು ಬದಲಿಸಲು ನೋಡಿದರು. ಅದೇ. ಪಕ್ಕದ ಕೋಣೆಯ ಕಂಪ್ಯೂಟರಿಗೆ ತೆಗೆದುಕೊಂಡು ಹೋಗಿ ಬಂದರು. ಅಲ್ಲೂ ಅದೇ.

"ಸಾರ್, ಈ ಕಾರ್ಡು ಅಳತೆ ದಿನ, ಹನ್ನೊಂದನೇ ಫೋಟೋ ಆದ್ಮೇಲೆ ಲಾಕ್ ಆಗಿದೆ. ಹೊರಗಿಂದ ಒಂದು ಮನೆ ತಂದು ಇದರೊಳಗೆ ಇಡೋಕೆ ಅವತ್ತಿಂದ ಯಾರಿಗೂ ಆಗಲ್ಲ. ತಾರೀಖು ತಪ್ಪು, ನಿಜ. ಮನೆ ಕಟ್ಟೋ ಕಳ್ಳ ಮೊದಲು ತಾರೀಖು ಸರಿ ಮಾಡ್ಕೋತಾನಲ್ವಾ? ಈ ಟೇಪ್ ಹಿಡ್ಕೊಂಡಿರೋರು ನಿಮ್ಮವರೇ ಅಲ್ವಾ, ನೋಡಿ."

ಅಧಿಕಾರಿ ಪರದೆಯ ಹತ್ತಿರಕ್ಕೆ ಬಗ್ಗಿದರು. ಸರ್ವೇಯರನ್ನು ಗುರುತಿಸಿದರು. ಆತ ನಮ್ಮ ಹಳ್ಳಿಗೆ ಬಂದದ್ದು ಒಂದೇ ಸಲ, ಕಚೇರಿಯ ಪುಸ್ತಕದಲ್ಲಿ ಆ ದಿನವಿತ್ತು. ಫೋನ್ ಮಾಡಿ ಕೇಳಿದರು. ಮನೆ ಇತ್ತೆಂದು ಆತ ಒಪ್ಪಿಕೊಂಡ. ಆಮೇಲೆ ಸ್ಥಳದಲ್ಲಿ ವಾಸದ ಮನೆ ಇದ್ದದ್ದು ಕಂಡುಬಂದಿದೆ ಎಂದು ಕಡತದಲ್ಲಿ ಬರೆದರು. ಅಪ್ಪ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು.

ಹೊರಗೆ ಬಂದ ಮೇಲೆ ಅಪ್ಪ ಇವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಇವರಿಗೆ ಮುಜುಗರವಾಗಿ, "ಮೊದಲು ಆ ಕ್ಯಾಮೆರಾಗೆ ತಾರೀಖು ಸರಿ ಮಾಡೋಕೆ ಹೇಳಿ ಮಗಳಿಗೆ" ಎಂದು ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಅಂಗಡಿಯ ಬೀಗ ಒಡೆದಿರಬಹುದೆಂಬ ಅನುಮಾನ ಅವರಿಗೆ. ನಾನು ಕೃತಜ್ಞತೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿರಲಾರೆ. ನಾನು ಊರಿಗೆಲ್ಲ ಹಬ್ಬಿಸಿದ ಮಾತನ್ನಂತೂ ಹೇಳಲಿಲ್ಲ. ಆಮೇಲೆ ಹೇಳೋಣ ಎಂದುಕೊಂಡೆ. ಗೋಡೆ ಪಕ್ಕದಲ್ಲೇ ಇರುವ ಮನುಷ್ಯ, ಎಲ್ಲಿಗೆ ಹೋಗುತ್ತಾರೆ?

ಬದಲಿ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿ ಅಪ್ಪ ಆರು ವರ್ಷ ಬದುಕಿ, ತಮ್ಮ ಹಾಸಿಗೆಯ ಮೇಲೇ ತೀರಿಕೊಂಡರು. ಅವರು ಹೋದ ಮೇಲೆ ನನಗೆ ಆ ಫೋಟೋ ಬೇಕೆನಿಸಿತು. ಹಳೇ ಮನೆಯ ಬಾಗಿಲಲ್ಲಿ ಅಪ್ಪ ನಿಂತ ಚಿತ್ರ ಬೇರೆ ಎಲ್ಲೂ ಇರಲಿಲ್ಲ. ನನ್ನ ಅಂಗಡಿಯ ಪ್ರಿಂಟರಿನಲ್ಲಿ ತೆಗೆದ ಪ್ರತಿ ನೀಲಿಗೆ ತಿರುಗಿ, ಎಲ್ಲಕ್ಕಿಂತ ಮೊದಲು ಅಪ್ಪನ ಮುಖ ಮಾಸಿಹೋಗಿತ್ತು. ಸಿಡಿಯ ಮೇಲ್ಪದರ ಹೊಪ್ಪಳೆ ಎದ್ದಿತ್ತು. ಕಾರ್ಡನ್ನು ಈಗ ಯಾವ ರೀಡರೂ ಗುರುತಿಸುತ್ತಿರಲಿಲ್ಲ. ಪಕ್ಕದ ಅಂಗಡಿಗೆ ಒಯ್ದೆ. ಅವರು ಮೂರರಲ್ಲೂ ಹಾಕಿ ನೋಡಿ, ತಲೆಯಾಡಿಸಿ, "ಹೋಯ್ತಮ್ಮ" ಎಂದರು. ಅವರ ದನಿ ಅಷ್ಟು ಮೆತ್ತಗಾದದ್ದು ನಾನು ಕೇಳಿರಲಿಲ್ಲ. ನಿಮ್ಮ ಹತ್ತಿರ ಕಾಪಿ ಇಲ್ಲವೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಯಾವ ಮುಖದಿಂದ ಕೇಳಲಿ?

ಕಳೆದ ತಿಂಗಳು ಅವರು ಹೋದರು. ಹನ್ನೊಂದನೇ ದಿನ ಕಳೆದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿದರು. ಅಂಗಡಿ ಖಾಲಿ ಮಾಡಬೇಕು, ಮನೆಗೆ ತಂದಿಟ್ಟ ಕಂಪ್ಯೂಟರನ್ನು ಯಾರಿಗಾದರೂ ಕೊಡಬೇಕು. "ಅದರೊಳಗೆ ಏನಿದೆಯೋ ನೋಡಮ್ಮ. ನೀನು ಅದರಲ್ಲಿ ಪಳಗಿದೋಳು" ಎಂದರು.

ಆ ಮನೆಗೆ ನಾನು ಹೋದದ್ದು ಸಹಾಯ ಮಾಡಲು ಎಂದು ಹೇಳಿದರೆ ಸುಳ್ಳಾದೀತು. ಅವರು ಅಳಿಸಿದೆ ಎಂದದ್ದನ್ನು ನಾನು ಯಾವತ್ತೂ ನಂಬಿರಲಿಲ್ಲವಲ್ಲ, ಆ ಅಪನಂಬಿಕೆಯೊಂದೇ ಈಗ ನನ್ನ ಆಸೆ. ದೇವರೇ, ಈ ಮನುಷ್ಯ ಕಾಪಿ ಇಟ್ಟುಕೊಂಡಿರಲಿ, ಊರಿನ ಎಲ್ಲರದ್ದೂ ಕದ್ದಿಟ್ಟಿರಲಿ ಎಂದು ಬೇಡಿಕೊಳ್ಳುತ್ತಾ ಕಂಪ್ಯೂಟರ್ ಹಾಕಿದೆ.

ಎರಡು ಮಧ್ಯಾಹ್ನ ಹುಡುಕಿದೆ. ಮೂಲೆ ಮೂಲೆ ತಡಕಿದೆ, ಅಳಿಸಿದ್ದನ್ನು ಎತ್ತಿ ತರುವ ಪ್ರೋಗ್ರಾಮನ್ನೂ ಹಾಕಿ ನೋಡಿದೆ. ಒಂದು ಮದುವೆಯಿಲ್ಲ, ಒಂದು ನಾಮಕರಣವಿಲ್ಲ. ಅವರದೇ ಒಂದು ಫೋಟೋ ಕೂಡ ಇರಲಿಲ್ಲ. ಎರಡನೇ ದಿನ ಅವರ ಹೆಂಡತಿ ಕಾಫಿ ತಂದು ಪಕ್ಕದಲ್ಲಿ ಕೂತರು.

"ಏನಾದ್ರೂ ಸಿಕ್ತಾ?"

"ಇಲ್ಲಮ್ಮ. ಎಲ್ಲ ಅಳಿಸಿಬಿಟ್ಟಿದ್ದಾರೆ."

"ಮುಂಚೆ ಹಾಗಿರಲಿಲ್ಲ ಕಣಮ್ಮ. ಎಲ್ಲರದ್ದೂ ವರ್ಷಗಟ್ಟಲೆ ಜೋಪಾನ ಮಾಡೋರು. ಕಳ್ಕೊಂಡು ಅಳ್ತಾ ಬರ್ತಾರೆ, ಆಗ ಕೊಡೋಕೆ ಬೇಕು ಅನ್ನೋರು. ಎಷ್ಟು ಜನಕ್ಕೆ ಕೊಟ್ಟಿದ್ದಾರೋ. ಆಮೇಲೆ ಯಾರೋ ಊರ ತುಂಬ ಹೇಳ್ಕೊಂಡು ಬಂದ್ರು, ಕಾಪಿ ಇಟ್ಕೋತಾರೆ ಅಂತ. ಅವತ್ತೇ ಎಲ್ಲ ತೆಗೆದುಹಾಕಿದ್ರು. ಅಲ್ಲಿಂದಾಚೆ ಯಾರದ್ದೂ ಇಟ್ಕೊಳ್ಳಲಿಲ್ಲ. ಕೆಲಸ ಮುಗಿದ ತಕ್ಷಣ ಅಳಿಸೋರು, ಅದರ ಮೇಲೆ ಇನ್ನೇನೋ ತುಂಬಿ ಮತ್ತೆ ಅಳಿಸೋರು."

ಕಾಫಿ ಲೋಟ ಕೆಳಗಿಟ್ಟೆ.

"ಯಾರೋ ಅಲ್ಲಮ್ಮ" ಎಂದೆ. "ಅದು ನಾನು."

ಅವರು ಸೆರಗಿನಿಂದ ಕಂಪ್ಯೂಟರಿನ ಮೇಲಿನ ಧೂಳು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ಅವರಿಗೂ ಗೊತ್ತಿತ್ತು, ಮೂರು ಕಡೆ ವಿಚಾರಿಸಿದ್ರಲ್ಲ. ನಿಮ್ಮಪ್ಪನ ಜೊತೆ ಕಚೇರಿಗೆ ಹೊರಟ ಬೆಳಿಗ್ಗೆ ನಾನೇ ಬೈದಿದ್ದೆ, ಅವಳ ಕೆಲಸಕ್ಕೆ ನೀವ್ಯಾಕೆ ಹೋಗ್ಬೇಕು ಅಂತ. ಅವಳಪ್ಪನಿಗೆ ಮನೆ ಇದ್ದದ್ದು ನಿಜ ಕಣೇ ಅಂದ್ರು."